ಹಿತ್ತಲಲ್ಲೊಂದು ಈಜುಕೊಳ

ಈಜುಕೊಳವೆಂಬ ಮಾತು ಬಿದ್ದೊಡನೆ ನಿಮ್ಮಲ್ಲಿ ಕೆಲವರಾದರೂ ರೇಡಿಯೋದ ಕಿವಿ ತಿರುವಿ ಬೇರೆ ನಿಲಯವನ್ನು ಹುಡುಕುವ ಯೋಚನೆ ಮಾಡಿರಬಹುದು. ನಲ್ಲಿಯಲ್ಲಿ ನೀರು ಯಾವಾಗ ಬಂದೀತೆಂದು ಕಾದಿರುವವರಿಗೆ ಹಿತ್ತಲಲ್ಲಿ ಕೊಳ ಕಟ್ಟುವ ಉಪದೇಶವೆ, ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ ಸರಿ. ಆದರೂ ಸ್ವಲ್ಪ ತಡೆಯಿರಿ. ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಈಚೆಗೆ ಈ ಮಾತನ್ನು ಮತ್ತೆ ಮತ್ತೆ ಎತ್ತುತ್ತಿದ್ದಾರೆ. ಕಟ್ಟುವುದೇ ಆದರೆ ಹೇಗೆ, ಬಿಡುವುದಾದರೆ ಏಕೆ, ಎಂಬೆರಡನ್ನೂ ತಿಳಿದಿರುವುದು ಮೇಲಲ್ಲವೆ? ಕಟ್ಟಡದ ಕೆಲಸವೇ ನನ್ನ ವೃತ್ತಿಯಾದ್ದರಿಂದ ಕಂಡದ್ದನ್ನು, ಎಡವಿದ್ದನ್ನು ನಿಮ್ಮ ಮುಂದಿಡುತ್ತೇನೆ.

ನಾಲ್ಕಾರು ವರ್ಷಗಳ ಹಿಂದೆ ಮೈಸೂರಿನ ಮಿತ್ರರೊಬ್ಬರು ಒಂದು ಚಿತ್ರವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಯಾವುದೋ ದೂರದೇಶದ ಬಂಗಲೆಯ ಕೊಳ. ಒಂದು ಅಂಚಿನಲ್ಲಿ ನೀರು ಆಕಾಶದೊಳಕ್ಕೆ ಸುರಿದುಹೋಗುವಂತೆ ಕಾಣುತ್ತದೆ. ಇನ್ನೊಂದು ಕಡೆ ಬಂಡೆಗಳ ಮೇಲಿಂದ ಜಲಪಾತ. ತಳದಲ್ಲಿ ಬಣ್ಣಬಣ್ಣದ ದೀಪ. "ಹೀಗೆಯೇ ಆಗಬೇಕು ಸ್ವಾಮಿ. 30 ಅಡಿ ಉದ್ದ, 15 ಅಡಿ ಅಗಲ, ಒಂದು ತುದಿಗೆ 4 ಅಡಿ, ಇನ್ನೊಂದು ತುದಿಗೆ 9 ಅಡಿ ಆಳ. ಹಾರುವುದಕ್ಕೆ ಒಂದು ಹಲಗೆ" ಎಂದರು.

"ಸಂತೋಷ. ಹಾರುವವರು ಯಾರು?" ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. ಮಗನಿಗೆ ಎಂಟು ವರ್ಷ, ಮಗಳಿಗೆ ನಾಲ್ಕು. ತಾವು ಹುಡುಗನಾಗಿದ್ದಾಗ ಊರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದುಂಟು. ಅದು ಮೂವತ್ತು ವರ್ಷದ ಹಿಂದಿನ ಮಾತು. ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ, ಅವರಿಗೆ ಮಂಡಿನೋವು. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದ ಅವರ ಮನೆಯವರು ಮೆಲ್ಲನೆ ಒಂದು ಮಾತು ಸೇರಿಸಿದರು: "ಹಿತ್ತಲು ಪೂರ್ತಿ ಪಕ್ಕದ ಮನೆಯ ಮಹಡಿಗೆ ಕಾಣುತ್ತೆ. ನಾನಂತೂ ಇಳಿಯೋಲ್ಲ, ಅತ್ತೆಯೂ ಇಳಿಯೋಲ್ಲ."

ಕೊಳದ ನಕ್ಷೆ ನಿಜವಾಗಿ ಆರಂಭವಾದದ್ದು ಆ ಮಾತಿನಿಂದ. ನೀವು ಕಟ್ಟಿಸುವುದಾದರೂ ಮೊದಲು ಒಂದು ಕಾಗದದ ಮೇಲೆ ಇಳಿಯುವವರ ಹೆಸರು, ವಯಸ್ಸು, ಎತ್ತರ ಇಷ್ಟನ್ನು ಬರೆಯಿರಿ. ಚಿತ್ರವನ್ನು ಆಮೇಲೆ ನೋಡೋಣ.

ಆ ಮನೆಗೆ 9 ಅಡಿ ಆಳ ಯಾರಿಗೂ ಬೇಡವಾಗಿತ್ತು. ಹಾರುವ ಹಲಗೆಯನ್ನಂತೂ ಮನೆಯ ಕೊಳದಲ್ಲಿ ಎಂದಿಗೂ ಇಡಬೇಡಿ. ಆಳ ಸಾಲದ ನೀರಿಗೆ ತಲೆ ಮುಂದಾಗಿ ಧುಮುಕಿ ಕುತ್ತಿಗೆಯ ಮೂಳೆ ಮುರಿದುಕೊಂಡವರು ಜನ್ಮವಿಡೀ ಹಾಸಿಗೆ ಹಿಡಿಯುತ್ತಾರೆ. ಉದ್ದ 24 ಅಡಿ, ಅಗಲ 12 ಅಡಿ, ಆಳ 3 ಅಡಿಯಿಂದ ನಾಲ್ಕೂವರೆ ಅಡಿ ಎಂದು ಗೊತ್ತುಮಾಡಿದೆವು. ಎದೆಯ ಮಟ್ಟದ ನೀರಿನಲ್ಲಿ ನಡೆದರೆ ಮಂಡಿಯ ಮೇಲೆ ಬೀಳುವ ಭಾರ ನೆಲದ ಮೇಲಿನ ಅರ್ಧಕ್ಕೂ ಕಡಿಮೆ. ತಾಯಿಯವರಿಗೆ ಔಷಧಿಯಂತೆ ಬೇಕಾಗಿದ್ದದ್ದು ಅದೇ. ಆದರೆ ಅವರು ಇಳಿಯುವುದು ಹೇಗೆ? ಗೋಡೆಗೆ ತಗುಲಿಸಿದ ಕಬ್ಬಿಣದ ಏಣಿಯಲ್ಲಿ ವಯಸ್ಸಾದವರು ಇಳಿಯಲಾರರು. ಮೂಲೆಯಲ್ಲಿ ಅಗಲವಾದ ಮೆಟ್ಟಿಲು ಬೇಕು. ಎತ್ತರ 6 ಅಂಗುಲ, ಅಗಲ ಒಂದಡಿಗೆ ಕಡಿಮೆಯಿಲ್ಲದೆ, ಪಕ್ಕದಲ್ಲಿ ಹಿಡಿಯಲು ಸರಳು.

ಮೆಟ್ಟಿಲಿನ ವಿಷಯದಲ್ಲಿ ನಾವು ಚಿತ್ರದ ದೇಶಕ್ಕೆ ಹೋಗಬೇಕಾಗಿಲ್ಲ. ಹಂಪೆಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಬೆಳಕಿಗೆ ಬಂದ ಮೆಟ್ಟಿಲುಕೊಳವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಕರಿಯ ಕಲ್ಲಿನ ಐದು ಅಂತಸ್ತು. ನೀರು ಎಷ್ಟೇ ಇಳಿದಿರಲಿ, ಕೂತು ಕೈ ನೀಡಲು ಒಂದು ಮೆಟ್ಟಿಲು ಸಿಕ್ಕೇ ಸಿಕ್ಕುತ್ತದೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಗುರುತುಗಳಿವೆ: ಯಾವ ದಿಕ್ಕಿನದು, ಯಾವ ಸಾಲಿನದು ಎಂದು. ಅಂದರೆ, ಕಲ್ಲು ಕೂರಿಸುವ ಮೊದಲೇ ಕೊಳ ಪೂರ್ತಿಯಾಗಿ ಒಬ್ಬನ ತಲೆಯಲ್ಲಿ ಇತ್ತು. ಅದಕ್ಕೆ ನೀರು ತರುವ ಕಲ್ಲಿನ ಕಾಲುವೆಯೂ ಕಂಬಗಳ ಮೇಲೆ ಇನ್ನೂ ನಿಂತಿದೆ. ಅಲ್ಲಿಂದ ಹೆಚ್ಚು ದೂರವಿಲ್ಲದ ರಾಣಿಯರ ಸ್ನಾನಗೃಹವಾದರೋ ಹೊರಗಿನಿಂದ ಬರಿಯ ಬೋಳು ಗೋಡೆ. ಒಳಹೊಕ್ಕರೆ ಕಮಾನುಗಳ ಓಣಿ, ನೀರಿನ ಮೇಲಕ್ಕೆ ಚಾಚಿದ ಗವಾಕ್ಷಗಳು, ನಡುವೆ ಆಕಾಶಕ್ಕೆ ತೆರೆದ 15 ಮೀಟರು ಚೌಕದ ಕೊಳ. ಆಳ 1.8 ಮೀಟರು ಮಾತ್ರ, ಆರಡಿಯೂ ಪೂರ್ತಿಯಿಲ್ಲ! ಮಿತ್ರರ ಮನೆಯವರು ಕಾಫಿ ಹಿಡಿದು ಹೇಳಿದ ಮಾತನ್ನು ಆ ಕಟ್ಟಡದ ಶಿಲ್ಪಿ ಮೊದಲೇ ಕೇಳಿಸಿಕೊಂಡಿದ್ದನೆಂದು ನನ್ನ ಊಹೆ. ಪಕ್ಕದ ಮಹಡಿಯ ಕಡೆಗೆ ಒಂದು ಜಾಲಿಗೋಡೆ, ಅದರ ಮೇಲೆ ಬಳ್ಳಿ. ನಮ್ಮ ಕೊಳಕ್ಕೆ ಅಷ್ಟು ಸಾಕಾಯಿತು.

ಇನ್ನು ನೀರಿನ ಲೆಕ್ಕ. ದಯವಿಟ್ಟು ಪೆನ್ಸಿಲು ತೆಗೆದುಕೊಳ್ಳಿ. ಉದ್ದ, ಅಗಲ, ಸರಾಸರಿ ಆಳ ಇವನ್ನು ಅಡಿಗಳಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರು ಸಿಕ್ಕುತ್ತದೆ. ಮಿತ್ರರ ಮೊದಲ ಕೊಳಕ್ಕೆ ಸುಮಾರು 83,000 ಲೀಟರು ಬೇಕಾಗುತ್ತಿತ್ತು; ಎರಡನೆಯದಕ್ಕೆ 30,500. ಆರು ಸಾವಿರ ಲೀಟರಿನ ಟ್ಯಾಂಕರು ಹದಿನಾಲ್ಕು ಬಾರಿ ಬರುವುದಕ್ಕೂ ಐದು ಬಾರಿ ಬರುವುದಕ್ಕೂ ಎಷ್ಟು ಅಂತರ! ತುಂಬಿದ ಮೇಲೂ ಬಿಸಿಲು ಸುಮ್ಮನಿರುವುದಿಲ್ಲ. ಬೇಸಿಗೆಯಲ್ಲಿ ದಿನಕ್ಕೆ 6 ಮಿಲಿಮೀಟರು ಆರಿದರೆ ಈ ಚಿಕ್ಕ ಕೊಳದಿಂದಲೇ 160 ಲೀಟರು ಹೋಗುತ್ತದೆ. ತಿಂಗಳಿಗೆ ಹೆಚ್ಚುಕಡಿಮೆ ಒಂದು ಟ್ಯಾಂಕರು. ರಾತ್ರಿ ಹೊದಿಕೆ ಹಾಸಿದರೆ ಬಹಳಷ್ಟು ಉಳಿಯುತ್ತದೆ. ಆದರೆ ನೀರಿನ ಮೇಲೆ ತೇಲುವ ಹಗುರ ಹೊದಿಕೆಯನ್ನು ನಂಬಿ ಮಕ್ಕಳನ್ನು ಬಿಡಬೇಡಿ. ಮಗು ಅದರ ಮೇಲೆ ಕಾಲಿಟ್ಟರೆ ಅಡಿಗೆ ಜಾರುತ್ತದೆ, ಮೇಲಿನಿಂದ ಕಾಣುವುದೂ ಇಲ್ಲ.

ಈ ನೀರು ಯಾರದ್ದು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಬಾಯಾರಿದಾಗ, ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಬಾರದೆಂದು ಜಲಮಂಡಳಿ ಮಾರ್ಚ್ ತಿಂಗಳಲ್ಲಿ ಆಜ್ಞೆ ಮಾಡಿತು. ಮೀರಿದರೆ 5,000 ರೂಪಾಯಿ ದಂಡ. ನನ್ನ ಅಭಿಪ್ರಾಯವನ್ನು ಕೇಳಿದರೆ, ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿಯಿಲ್ಲದ ಮನೆಗೆ ಈಜುಕೊಳದ ಹಕ್ಕಿಲ್ಲ. ವರ್ಷಕ್ಕೆ 750 ಮಿಲಿಮೀಟರು ಮಳೆ ಬೀಳುವ ಕಡೆ 1,500 ಚದರಡಿಯ ತಾರಸಿಯಿಂದ, ಐದರಲ್ಲೊಂದು ಪಾಲು ವ್ಯರ್ಥವಾಯಿತೆಂದು ಬಿಟ್ಟರೂ, ಎಂಬತ್ತು ಸಾವಿರ ಲೀಟರು ಕೂಡುತ್ತದೆ. ಚಿಕ್ಕ ಕೊಳವನ್ನು ಎರಡು ಸಲ ತುಂಬಿ ಮಿಗುತ್ತದೆ. ಒಮ್ಮೆ ತುಂಬಿದ ನೀರನ್ನು ಚೆಲ್ಲಬೇಕಾಗಿಲ್ಲ. ಗಂಟೆಗೆ 5,000 ಲೀಟರು ಎತ್ತುವ ಪಂಪು ಆರು ಗಂಟೆಯಲ್ಲಿ ಅಷ್ಟನ್ನೂ ಮರಳಿನ ಶೋಧಕದ ಮೂಲಕ ಹಾಯಿಸಿ ವಾಪಸು ಬಿಡುತ್ತದೆ.

ಜಾಗದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಬೆಳಗಿನ ಬಿಸಿಲು ಬೀಳಬೇಕು, ಮರ ಹತ್ತಿರವಿರಬಾರದು. ಎಲೆ ಗೋರಿ ಸಾಕಾಗುತ್ತದೆ, ಬೇರು ಗೋಡೆಯನ್ನು ಒತ್ತುತ್ತದೆ, ತೆಂಗಿನಮರವಾದರೆ ಮೇಲಿನಿಂದ ಬರುವ ಕಾಣಿಕೆಯೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಅಡಿಗೆಮನೆಯ ಕಿಟಕಿಗೆ ಕೊಳ ಪೂರ್ತಿ ಕಾಣಬೇಕು. ಕರಾವಳಿಯ ಶ್ರೋತೃಗಳಿಗೆ ಒಂದು ಎಚ್ಚರಿಕೆ: ಮಳೆಗಾಲದಲ್ಲಿ ನೆಲದಡಿಯ ನೀರು ಮೇಲೇರಿದಾಗ ಕೊಳವನ್ನು ಬರಿದು ಮಾಡಿದರೆ, ಖಾಲಿ ಕಾಂಕ್ರೀಟು ತೊಟ್ಟಿ ದೋಣಿಯಂತೆ ಮೇಲಕ್ಕೆ ತೇಲಿ ಬಿರಿಯುವುದುಂಟು. ತಳದಲ್ಲಿ ಒತ್ತಡ ಬಿಡುವ ಕವಾಟ ಇಡಿಸಿ, ಮಳೆಗಾಲದಲ್ಲಿ ತುಂಬಿಯೇ ಇರಿಸಿ.

ಈಗ ಆ ಚಿತ್ರದ ವಿಶೇಷಗಳಿಗೆ ಬರೋಣ. ನೀರು ಅಂಚು ಮೀರಿ ಸುರಿಯುವಂತೆ ಮಾಡಲು ಕೆಳಗೆ ಇನ್ನೊಂದು ತೊಟ್ಟಿ, ಇನ್ನೊಂದು ಪಂಪು ಬೇಕು. ಆಚೆಗೆ ಕಣಿವೆಯೋ ಕೆರೆಯೋ ಇದ್ದರೆ ಅದಕ್ಕೊಂದು ಅಂದ. ಆಚೆಗೆ ಪಕ್ಕದವರ ಬಚ್ಚಲ ಗೋಡೆಯಿದ್ದರೆ ಏನು ಬಂತು? ಜಲಪಾತದ ಸದ್ದು ಹಿತವೇ, ಆದರೆ ಚಿಮ್ಮಿದಷ್ಟೂ ನೀರು ಬೇಗ ಆರುತ್ತದೆ. ಕೊಳದ ದೀಪ 12 ವೋಲ್ಟಿನದಾಗಿರಲಿ, ಪಂಪಿನ ಲೈನಿಗೆ ವಿದ್ಯುತ್ತು ಸೋರಿದೊಡನೆ ಕಡಿದುಬಿಡುವ ಸ್ವಿಚ್ಚು ಕಡ್ಡಾಯವಾಗಿ ಇರಲಿ. ಉಪ್ಪಿನ ಯಂತ್ರ ಹಾಕಿಸಿದರೆ ಕ್ಲೋರಿನ್ ಬೇಡವೆಂದು ಮಾರುವವರು ಹೇಳಬಹುದು. ಆ ಯಂತ್ರ ಉಪ್ಪಿನಿಂದ ತಯಾರಿಸುವುದು ಕ್ಲೋರಿನ್ನನ್ನೇ. ಕಾಸು ಮಿಕ್ಕರೆ ಒಂದು ವಿಶೇಷವನ್ನು ಖಂಡಿತ ಮಾಡಿಸಿ: ಮೆಟ್ಟಿಲ ಪಕ್ಕದಲ್ಲಿ ಒಂದಡಿಯೂ ಆಳವಿಲ್ಲದ ಅಗಲವಾದ ಜಗಲಿ. ಚಿಕ್ಕವರು ಅಲ್ಲಿ ಆಡುತ್ತಾರೆ, ದೊಡ್ಡವರು ಕಾಲು ಇಳಿಬಿಟ್ಟು ಕೂರುತ್ತಾರೆ. ಮಿತ್ರರ ಮನೆಯಲ್ಲಿ ಅತಿ ಹೆಚ್ಚು ಬಳಕೆಯಾಗುತ್ತಿರುವುದು ಅದೇ. ಆದರೆ ಅಷ್ಟು ನೀರಿನಲ್ಲಿಯೂ ಮಗು ಮುಳುಗಬಲ್ಲದು. ಪಕ್ಕದಲ್ಲಿ ದೊಡ್ಡವರೊಬ್ಬರು ಇರಲೇಬೇಕು.

ಇದನ್ನು ಪುಸ್ತಕದಿಂದ ಹೇಳುತ್ತಿಲ್ಲ. ಆ ಮಿತ್ರರ ಮನೆಗಿಂತ ಮೊದಲು ಬೇರೊಂದು ಕಡೆ ನಾನು ಕೊಳದ ಕೆಲಸ ನಡೆಸುತ್ತಿದ್ದೆ. ಅಗೆತ ಮುಗಿದು ಕಂಬಿ ಕಟ್ಟುತ್ತಿದ್ದರು. ಹಿಂದಿನ ರಾತ್ರಿಯ ಮಳೆಗೆ ಗುಂಡಿಯಲ್ಲಿ ಎರಡಡಿ ನೀರು ನಿಂತಿತ್ತು. ಕೆಲಸದ ಹೆಣ್ಣುಮಗಳೊಬ್ಬಳು ತನ್ನ ಎರಡು ವರ್ಷದ ಮಗುವನ್ನು ಮರಳ ರಾಶಿಯ ಮೇಲೆ ಆಡಲು ಬಿಟ್ಟು, ಹತ್ತು ಗಜ ಆಚೆ ಬಾಂಡ್ಲಿಯಲ್ಲಿ ಜಲ್ಲಿ ಹೊರುತ್ತಿದ್ದಳು. ನಾನು ಮೇಸ್ತ್ರಿಯೊಡನೆ ಮಾತಾಡುತ್ತಾ ನಿಂತಿದ್ದೆ. ಯಾವ ಸದ್ದೂ ಆಗಲಿಲ್ಲ. ಮುಳುಗುವವರು ಕೈಬೀಸಿ ಕೂಗುತ್ತಾರೆಂಬುದು ಸಿನಿಮಾದ ಮಾತು. ಮಗು ಮೌನವಾಗಿ ಮುಳುಗುತ್ತದೆ. ಕಂಬಿ ಕಟ್ಟುವ ಹುಡುಗನೊಬ್ಬ ಕಣ್ಣೆತ್ತಿ ನೋಡಿದವನು ಹಾರಿ ಎತ್ತಿದ. ಮಗು ನೀಲಿಗಟ್ಟಿತ್ತು. ಯಾರೋ ಕಾಲು ಹಿಡಿದು ತಲೆಕೆಳಗು ಮಾಡಲು ಬಂದರು. ಆ ಹುಡುಗ ಬಿಡದೆ ನೆಲದ ಮೇಲೆ ಮಲಗಿಸಿ ಬಾಯಿಗೆ ಬಾಯಿಟ್ಟು ಊದಿದ. ಮಗು ಕೆಮ್ಮಿ ಅತ್ತಿತು. ಆ ಅಳುವಿನಷ್ಟು ಹಿತವಾದ ದನಿಯನ್ನು ನಾನು ಕೇಳಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಮನೆಗೆ ಬಂತು.

ನನ್ನ ಅಂದಾಜುಪಟ್ಟಿಯಲ್ಲಿ ಬೇಲಿಯೂ ಇತ್ತು, ಕಟ್ಟಕಡೆಯ ಸಾಲಿನಲ್ಲಿ, ಬಣ್ಣ ಬಳಿಯುವುದಕ್ಕೂ ಆಮೇಲೆ. ತಪ್ಪು ನನ್ನದೇ. ಅಂದಿನಿಂದ ಬೇಲಿ ಹಾಕದೆ ಗುದ್ದಲಿ ಹಾಕಿಸಿಲ್ಲ. ಬೇಲಿ ನಾಲ್ಕು ಕಡೆಯೂ ಇರಬೇಕು. ಮನೆಯ ಕಡೆಯೂ ಸಹ. ಹಿತ್ತಲ ಬಾಗಿಲಿನಿಂದ ಓಡಿಬರುವುದು ನಮ್ಮ ಮನೆಯ ಮಗುವೇ ಅಲ್ಲವೆ? ಎತ್ತರ ನಾಲ್ಕಡಿಗೆ ಕಡಿಮೆಯಿರಕೂಡದು. ಸರಳುಗಳ ನಡುವೆ ಮಗು ನುಸುಳಬಾರದು. ಗೇಟು ತಾನಾಗಿ ಮುಚ್ಚಿ ಚಿಲಕ ಬೀಳಬೇಕು, ಚಿಲಕ ಮಗುವಿನ ಕೈಗೆ ಎಟುಕಬಾರದು. ಹತ್ತಲು ಅನುಕೂಲವಾಗುವಂತೆ ಹೂಕುಂಡವನ್ನೋ ಕುರ್ಚಿಯನ್ನೋ ಪಕ್ಕದಲ್ಲಿ ಇಡಬೇಡಿ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ತಳದ ತೂಬಿನಲ್ಲಿದೆ. ಪಂಪಿನ ಎಳೆತಕ್ಕೆ ಕೂದಲೋ ಮೈಯೋ ಸಿಕ್ಕಿಕೊಂಡರೆ ಬಿಡಿಸುವುದು ಬಲವಂತರಿಗೂ ಕಷ್ಟ. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹೀಗೆ ಸಿಕ್ಕಿಕೊಂಡು ತೀರಿಕೊಂಡಳು. ಅವಳ ತಾಯಿಯ ಹೋರಾಟದಿಂದ 2007ರಲ್ಲಿ ಅಲ್ಲಿ ಕಾನೂನೇ ಬಂತು. ಒಂದು ತೂಬಿನ ಬದಲು ದೂರದೂರ ಎರಡು ತೂಬು, ಅವುಗಳ ಮೇಲೆ ಗುಮ್ಮಟದಂತೆ ಉಬ್ಬಿದ ಜಾಲರಿ ಹಾಕಿದರೆ ಎಳೆತ ಹಂಚಿಹೋಗುತ್ತದೆ. ಖರ್ಚು ಅಲ್ಪ. ಕಾಂಕ್ರೀಟು ಬಿದ್ದ ಮೇಲೆ ಮಾತ್ರ ಮಾಡಲಾಗದು.

ಕೊಳವನ್ನು ಸಾಕುವುದು ಹಸುವನ್ನು ಸಾಕಿದಂತೆಯೇ, ದಿನವೂ ಕೆಲಸವುಂಟು. ನೀರಿನಲ್ಲಿ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ, ಪಿಎಚ್ 7.2ರಿಂದ 7.8 ಇರಬೇಕು. 30,000 ಲೀಟರಿಗೆ ಒಂದು ಮಿಲಿಗ್ರಾಮಿನ ಲೆಕ್ಕದಲ್ಲಿ ಬೇಕಾದದ್ದು 30 ಗ್ರಾಂ ಕ್ಲೋರಿನ್. ನೂರಕ್ಕೆ ಮೂವತ್ತು ಸತ್ವವಿರುವ ಬ್ಲೀಚಿಂಗ್ ಪೌಡರಾದರೆ ನೂರು ಗ್ರಾಂ. ಬಿಸಿಲು ಅದನ್ನು ತಿಂದುಹಾಕುವುದರಿಂದ ಸಂಜೆ ಹಾಕುವುದು ಲೇಸು. ಆಮ್ಲವನ್ನೂ ಈ ಪುಡಿಯನ್ನೂ ಒಂದೇ ಬಕೀಟಿನಲ್ಲಿ ಕೂಡಿಸಬೇಡಿ, ಒಂದೇ ಬೀರುವಿನಲ್ಲಿಯೂ ಇಡಬೇಡಿ. ಹೊರಡುವ ಅನಿಲ ವಿಷ.

ಮುಂದಿನ ಬೇಸಿಗೆಗೆ ಕೊಳ ಬೇಕೆನ್ನುವವರು ಮಳೆ ನಿಂತ ಮೇಲೆ ಅಗೆತ ಹಿಡಿಯಿರಿ. ಕಾಂಕ್ರೀಟು ಚೆನ್ನಾಗಿ ನೀರುಂಡು ಗಟ್ಟಿಯಾಗಲಿ. ಟೈಲಿಗೆ ಅವಸರ ಬೇಡ. ಮೊದಲು ನೀರು ತುಂಬಿಸಿ, ಕಾಂಕ್ರೀಟು ಕುಡಿಯುವಷ್ಟು ಕುಡಿಯಲಿ ಎಂದು ಎರಡು ಮೂರು ದಿನ ಬಿಡಿ. ಆಮೇಲೆ ಒಂದು ಬಕೀಟಿಗೆ ನೀರು ತುಂಬಿ, ಮುಕ್ಕಾಲು ಮುಳುಗುವಂತೆ ಕೊಳದ ಮೆಟ್ಟಿಲ ಮೇಲಿಟ್ಟು, ಬಕೀಟಿನ ಒಳಗೂ ಕೊಳದ ಗೋಡೆಗೂ ನೀರಿನ ಮಟ್ಟಕ್ಕೆ ಸರಿಯಾಗಿ ಗೆರೆ ಎಳೆಯಿರಿ. ಪಂಪು ನಿಲ್ಲಿಸಿರಿ. ಮಾರನೆಯ ದಿನ ಎರಡೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲು ಕುಡಿದ ನೀರು. ಕೊಳದ ನೀರು ಹೆಚ್ಚು ಇಳಿದಿದ್ದರೆ ಗೋಡೆ ಕುಡಿಯುತ್ತಿದೆಯೆಂದು ತಿಳಿದು, ಟೈಲು ಅಂಟಿಸಲು ಬಂದವರನ್ನು ಆವತ್ತು ಕಾಫಿ ಕೊಟ್ಟು ವಾಪಸು ಕಳಿಸಿಬಿಡಿ.