ದೋಣಿಯ ಅಡಿಭಾರ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಹಡಗು ಕಟ್ಟುವ ವಿದ್ಯೆ ಕಲಿತವನಲ್ಲ. ಮೆಟ್ರಿಕ್ ಓದಿ ಲೆಕ್ಕದ ಪುಸ್ತಕದ ಮುಂದೆ ಕುಳಿತವನು. ಆದರೂ ಈ ದಿನ ದೋಣಿಯ ಭಾರದ ಬಗ್ಗೆ ನಾಲ್ಕು ಮಾತು ಆಡಲು ಎದ್ದು ನಿಂತಿದ್ದೇನೆ. ಇದಕ್ಕೆ ಕಾರಣ ಇಲ್ಲಿಯೇ ಕುಳಿತಿರುವ ಒಬ್ಬ ತರುಣ ಮಿತ್ರರು ಕೇಳಿದ ಪ್ರಶ್ನೆ.

ಕಳೆದ ಚಳಿಗಾಲದಲ್ಲಿ ನಾವು ೨೦ ಮಂದಿ ಗೇಟ್‌ವೇಯಿಂದ ಮಾಂಡ್ವಾ ಕಡೆಗೆ ಲಾಂಚಿನಲ್ಲಿ ಹೋದದ್ದು ನಿಮಗೆ ನೆನಪಿರಬಹುದು. ನಡುನೀರಿನಲ್ಲಿ ಬಿಳಿಯ ಕಡಲಹಕ್ಕಿಗಳು ಬೆನ್ನಟ್ಟಿ ಬಂದವು. ಅವಕ್ಕೆ ತಿಂಡಿ ಎಸೆಯುವ ಉತ್ಸಾಹದಲ್ಲಿ ನಾವೆಲ್ಲರೂ, ಇತರ ಪ್ರಯಾಣಿಕರೂ, ಒಂದೇ ಮಗ್ಗುಲಿಗೆ ನುಗ್ಗಿದೆವು. ಲಾಂಚು ಆ ಕಡೆಗೆ ವಾಲಿತು. ಒಡನೆಯೇ ತಾಂಡೇಲನು "ಖಾಲೀ ಬಸಾ! ಖಾಲೀ ಬಸಾ!" ಎಂದು ಕೂಗಿದ. ಕುಳಿತುಕೊಳ್ಳಿ ಎಂದು ಅದರ ಅರ್ಥ. ನಮ್ಮವರು ಕೆಲವರು ನಕ್ಕರು, ಕೆಲವರಿಗೆ ಸಿಟ್ಟು ಬಂತು. ನಾನೂ ನಕ್ಕವರಲ್ಲಿ ಒಬ್ಬ.

ಮರಳಿ ಬಂದ ಮೇಲೆ ಆ ತರುಣರು ತಮ್ಮ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಅಮೆರಿಕದ ಯಾವುದೋ ಸರೋವರ. ಅಲ್ಲಿ ದೋಣಿಯವರು ದೊಡ್ಡ ದೊಡ್ಡ ಚೀಲಗಳಿಗೆ ಪಂಪಿನಿಂದ ನೀರು ತುಂಬಿ, ತಮ್ಮ ದೋಣಿಯ ಭಾರವನ್ನು ತಾವೇ ಹೆಚ್ಚಿಸಿಕೊಳ್ಳುತ್ತಿದ್ದರು. "ಭಾರ ಅಪಾಯವಾದರೆ ಇವರೇಕೆ ಹಣ ಕೊಟ್ಟು ಭಾರ ತುಂಬುತ್ತಾರೆ?" ಎಂಬುದು ಅವರ ಪ್ರಶ್ನೆ. ಆಗ ಉತ್ತರ ನನಗೆ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಈ ಮೇಜಿನ ಮೇಲೆ ಒಂದು ಬಕೆಟ್ ನೀರು, ಒಂದು ಉದ್ದನೆಯ ಸ್ಟೀಲ್ ಲೋಟ ಇಟ್ಟಿದ್ದೇನೆ. ಖಾಲಿ ಲೋಟವನ್ನು ನೀರಿನ ಮೇಲೆ ಬಿಡುತ್ತೇನೆ. ನೋಡಿ, ಒಂದು ಮಗ್ಗುಲಿಗೆ ವಾಲಿತು. ಈಗ ತಳದಲ್ಲಿ ಎಂಟು ನಾಣ್ಯಗಳನ್ನು ಇಡುತ್ತೇನೆ. ಭಾರ ಹೆಚ್ಚಾಯಿತು, ಲೋಟ ಇನ್ನಷ್ಟು ತಗ್ಗಿಗೆ ಇಳಿಯಿತು. ಆದರೆ ನೆಟ್ಟಗೆ ನಿಂತಿತು. ಅವೇ ಎಂಟು ನಾಣ್ಯಗಳನ್ನು ಒಂದು ತಟ್ಟೆಯಲ್ಲಿಟ್ಟು ಲೋಟದ ಬಾಯಿಯ ಮೇಲೆ ಇಡುತ್ತೇನೆ. ಕೈ ಬಿಟ್ಟೊಡನೆ ಮಗುಚಿತು. ನಾಣ್ಯ ಅವೇ, ತೂಕ ಅದೇ. ಇಟ್ಟ ಜಾಗ ಮಾತ್ರ ಬೇರೆ.

ತಳದಲ್ಲಿಡುವ ಈ ಭಾರಕ್ಕೆ ಬ್ಯಾಲಸ್ಟ್ ಎನ್ನುತ್ತಾರೆ. ನಾವು ಅಡಿಭಾರ ಎನ್ನೋಣ. ನಮ್ಮ ಲೋಕಲ್ ರೈಲಿನ ಹಳಿಗಳ ಕೆಳಗೆ ಹಾಸಿದ ಜಲ್ಲಿಗೂ ಇದೇ ಹೆಸರುಂಟು. ಹಿಂದಿನ ಕಾಲದ ಹಾಯಿಹಡಗುಗಳು ಸರಕಿಲ್ಲದೆ ಹೊರಡುವಾಗ ಹೊಟ್ಟೆಗೆ ಕಲ್ಲು, ಮರಳು ತುಂಬಿಕೊಳ್ಳುತ್ತಿದ್ದವು. ಮಂಗಳೂರಿನ ಹಂಚು ಹೊತ್ತು ಕಡಲ ಮೇಲೆ ಸಾಗಿದ ಮಂಜಿಗಳಿಗೆ ಹಂಚೇ ಅಡಿಭಾರವೂ ಆಗುತ್ತಿತ್ತು. ಈಗಿನ ದೊಡ್ಡ ಹಡಗುಗಳು ಕಲ್ಲಿನ ಬದಲು ಸಮುದ್ರದ ನೀರನ್ನೇ ತಳದ ತೊಟ್ಟಿಗಳಿಗೆ ತುಂಬಿಕೊಂಡು, ಸರಕು ಏರಿದಂತೆ ಆ ನೀರನ್ನು ಹೊರಗೆ ಚೆಲ್ಲುತ್ತವೆ.

ಇನ್ನು ಆ ಸರೋವರದ ಆಟ. ಅದರ ಹೆಸರು ವೇಕ್‌ಬೋರ್ಡಿಂಗ್. ಆಟಗಾರನು ದೋಣಿಗೆ ಕಟ್ಟಿದ ಹಗ್ಗ ಹಿಡಿದು, ಕಾಲಿಗೆ ಹಲಗೆ ಬಿಗಿದುಕೊಂಡು, ದೋಣಿಯ ಹಿಂದೆ ಏಳುವ ಅಲೆಯ ಮೇಲಿಂದ ಹಾರುತ್ತಾನೆ. ಅಲೆ ದೊಡ್ಡದಾದಷ್ಟೂ ಹಾರಾಟ ಎತ್ತರ. ತೇಲುವ ವಸ್ತು ತನ್ನ ತೂಕದಷ್ಟೇ ತೂಕದ ನೀರನ್ನು ಸರಿಸುತ್ತದೆ ಎಂಬ ಆರ್ಕಿಮಿಡೀಸನ ನಿಯಮವನ್ನು ಶಾಲೆಯಲ್ಲಿ ಓದಿದ್ದೇವೆ. ದೋಣಿಯ ತೂಕ ಹೆಚ್ಚಿದರೆ ಅದು ಆಳಕ್ಕೆ ಇಳಿದು ಹೆಚ್ಚು ನೀರನ್ನು ತಳ್ಳುತ್ತದೆ. ಹಿಂದಿನ ಅಲೆ ಏರುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ನಮ್ಮ ಚಾಳಿನ ನೀಲಿ ಡ್ರಮ್ಮು ೨೦೦ ಲೀಟರಿನದಾದರೆ ಅದರ ನೀರೇ ೨೦೦ ಕಿಲೋ. ಅಂಥ ಐದು ಡ್ರಮ್ಮಿಗಿಂತ ಹೆಚ್ಚು ನೀರು ಹೊರುವ ಆಟದ ದೋಣಿಗಳೂ ಇವೆ.

ಆದರೆ ಅವರು ಮನಸ್ಸಿಗೆ ಬಂದಲ್ಲಿ ಸುರಿಯುವುದಿಲ್ಲ. ಎಡಕ್ಕೂ ಬಲಕ್ಕೂ ಸಮನಾಗಿ, ಆದಷ್ಟು ತಗ್ಗಿನಲ್ಲಿ ಇಡುತ್ತಾರೆ. ಹಿಂಭಾಗದಲ್ಲಿ ಅತಿಯಾದರೆ ದೋಣಿಯ ಮೂತಿ ಮೇಲೆದ್ದು ನಡೆಸುವವನಿಗೆ ದಾರಿ ಕಾಣದು. ಮುಂಭಾಗದಲ್ಲಿ ಅತಿಯಾದರೆ ಮೂತಿ ಅಲೆಯೊಳಗೆ ಹೊಕ್ಕು ನೀರು ನುಗ್ಗುತ್ತದೆ. ಕುಳಿತ ಜನರ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೀಲವನ್ನು ಅರ್ಧ ತುಂಬಿಸಿ ಬಿಡಬಾರದು; ಒಳಗಿನ ನೀರು ದೋಣಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದ ಮಾತು ಹಡಗಿನವರಿಗೆ ಅಕ್ಷರಶಃ ಶಾಸ್ತ್ರ. ಇನ್ನೊಂದು ಮಾತು: ಆ ದೊಡ್ಡ ಅಲೆ ಆಟಗಾರನೊಂದಿಗೆ ನಿಲ್ಲುವುದಿಲ್ಲ. ಅದು ದಡವನ್ನು ಕೊರೆಯುತ್ತದೆ, ಪಕ್ಕದ ಚಿಕ್ಕ ದೋಣಿಯನ್ನು ಅಲುಗಿಸುತ್ತದೆ.

ಅಡಿಭಾರದ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಸ್ವೀಡನ್ ದೇಶದ ವಾಸಾ ಎಂಬ ಯುದ್ಧನೌಕೆ ಸಾಕ್ಷಿ. ಎರಡು ಸಾಲು ತೋಪುಗಳನ್ನು ಹೊತ್ತ ಅದರ ಮೈಯ ಮೇಲುಭಾಗ ಬಹಳ ಭಾರವಾಗಿತ್ತು. ತಳದಲ್ಲಿ ಕಲ್ಲು ತುಂಬಿದ್ದರೂ ಸಾಲಲಿಲ್ಲ. ಇನ್ನೂ ತುಂಬಿದ್ದರೆ ಕೆಳಸಾಲಿನ ತೋಪಿನ ಕಿಂಡಿಗಳು ನೀರಿಗೆ ಮತ್ತಷ್ಟು ಸಮೀಪವಾಗುತ್ತಿದ್ದವು. ಹೊರಡುವ ಮೊದಲು ೩೦ ಜನರನ್ನು ಆ ಮಗ್ಗುಲಿನಿಂದ ಈ ಮಗ್ಗುಲಿಗೆ ಓಡಿಸಿ ಪರೀಕ್ಷಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ವಾಲಿತೆಂದರೆ, ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ. ೧೬೨೮ರ ಆಗಸ್ಟ್ ೧೦ರಂದು ಮೊದಲ ಯಾತ್ರೆಗೆ ಹೊರಟು, ಸ್ಟಾಕ್‌ಹೋಮ್ ಬಂದರಿನೊಳಗೇ ಒಂದು ಬೀಸುಗಾಳಿಗೆ ವಾಲಿ ಮುಳುಗಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ೧೯೪೭ರ ಜುಲೈ ೧೭, ಗುರುವಾರ. ಸ್ವಾತಂತ್ರ್ಯ ಬರಲು ಒಂದು ತಿಂಗಳೂ ಉಳಿದಿರಲಿಲ್ಲ. ನಮ್ಮ ಭಾವೂಚಾ ಧಕ್ಕೆಯಿಂದ ರೇವಸ್‌ಗೆ ಹೊರಟ ರಾಮದಾಸ್ ಎಂಬ ಸ್ಟೀಮರು ಮಳೆಗಾಲದ ಕಡಲಿನಲ್ಲಿ ಗಲ್ ದ್ವೀಪದ ಬಳಿ ಮಗುಚಿ ಮುಳುಗಿತು. ಸತ್ತವರು ೬೦೦ಕ್ಕೂ ಹೆಚ್ಚು. ಅವರಲ್ಲಿ ಬಹುಮಂದಿ ಅಮಾವಾಸ್ಯೆಯ ಹಬ್ಬಕ್ಕೆ ಊರಿಗೆ ಹೊರಟ ಕೊಂಕಣದ ಕೆಲಸಗಾರರು. ಭಾರಿ ಅಲೆಗಳು ಹೊಡೆದು ನೀರು ಒಳಗೆ ಬಂದಾಗ, ಗಾಬರಿಗೊಂಡ ಜನ ಒಂದೇ ಮಗ್ಗುಲಿಗೆ ನುಗ್ಗಿದರು, ಹಡಗು ತೂಕ ತಪ್ಪಿತು ಎಂದು ಬದುಕಿ ಬಂದವರು ಹೇಳಿದರು. ಹತ್ತು ಜನರ ತೂಕ ಎಂದರೆ ೬೦೦ ಕಿಲೋ. ನೂರಾರು ಜನ ಒಮ್ಮೆಗೇ ಸರಿದರೆ ಎಷ್ಟಾಯಿತೆಂದು ನೀವೇ ಲೆಕ್ಕ ಹಾಕಿ. ಈ ಸಂಗತಿ ಓದಿದ ದಿನ ತಾಂಡೇಲನ ಕೂಗು ಮತ್ತೆ ನನ್ನ ಕಿವಿಗೆ ಬಿತ್ತು. ನಕ್ಕದ್ದಕ್ಕೆ ನಾಚಿಕೆಯಾಯಿತು.

ಬಂಧುಗಳೇ, ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಮಂಗಳೂರು, ಕಾರವಾರಗಳ ಕಡೆಯಿಂದ ಸ್ಟೀಮರಿನಲ್ಲಿಯೇ ಈ ಊರಿಗೆ ಬಂದವರು. ಕಲ್ಲು, ನೀರು ಇಟ್ಟಲ್ಲಿ ಇರುವ ಭಾರ. ನಾವು ಕಾಲಿರುವ ಭಾರ. ಆದ್ದರಿಂದ ಲಾಂಚು ಹತ್ತುವಾಗ ನಮ್ಮ ಕೈಯಲ್ಲಿರುವ ನಾಲ್ಕು ಕೆಲಸಗಳನ್ನು ನೆನಪಿಡೋಣ. ಲಾಂಚು ಕಿಕ್ಕಿರಿದಿದ್ದರೆ ಬಿಟ್ಟು ಮುಂದಿನದಕ್ಕೆ ಕಾಯೋಣ. ಎಷ್ಟು ಜನ ಎಂಬ ಮಿತಿ ಪರವಾನಗಿಯಲ್ಲಿ ಇರುತ್ತದೆ, ಕೇಳಲು ಸಂಕೋಚ ಬೇಡ. ಗಾಳಿಯಿರುವ ದಿನ ಎಲ್ಲರೂ ಮೇಲಂತಸ್ತು ಏರುವುದು ಬೇಡ. ಲೋಟದ ಬಾಯಿಯ ಮೇಲಿನ ತಟ್ಟೆ ನೆನಪಿರಲಿ. ಏನೇ ಕಂಡರೂ ಒಂದೇ ಕಡೆಗೆ ಏಳುವುದು ಬೇಡ. ಲೈಫ್ ಜಾಕೆಟನ್ನು ಹತ್ತಿದೊಡನೆ ಕಟ್ಟಿಕೊಳ್ಳೋಣ. ೨೦೨೪ರ ಡಿಸೆಂಬರ್ ೧೮ರಂದು ಘಾರಾಪುರಿಗೆ ಹೊರಟಿದ್ದ ನೀಲ್‌ಕಮಲ್ ದೋಣಿಗೆ ನೌಕಾದಳದ ವೇಗದೋಣಿ ಡಿಕ್ಕಿ ಹೊಡೆದಾಗ, ಜಾಕೆಟ್ ಹುಡುಕುವಷ್ಟು ಹೊತ್ತು ಯಾರಿಗೆ ಇತ್ತು?

ಹಡಗಿಗೆ ಮಿತಿ ಹಾಕುವ ಪದ್ಧತಿಯೂ ತಾನಾಗಿ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಮಾಲಿಕರು ಅತಿಭಾರ ಹೇರಿ ನಾವಿಕರನ್ನು ಕಡಲಿಗೆ ಕಳಿಸುತ್ತಿದ್ದ ಕಾಲದಲ್ಲಿ, ಪಾರ್ಲಿಮೆಂಟಿನ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ವರ್ಷಗಟ್ಟಲೆ ಕೂಗಾಡಿದ. ೧೮೭೬ರಲ್ಲಿ ಹಡಗಿನ ಮೈಮೇಲೆ ಮಿತಿಯ ಗೆರೆ ಎಳೆಯಬೇಕೆಂಬ ಕಾನೂನು ಬಂತು. ಇಂದಿಗೂ ಬಂದರಿನಲ್ಲಿ ನಿಂತ ಹಡಗಿನ ಮಗ್ಗುಲಲ್ಲಿ ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ಕಾಣುತ್ತದೆ. ಅವನ ಕೂಗಿನ ಫಲ ಅದು.

ಮುಂದಿನ ಚಳಿಗಾಲದಲ್ಲಿ ನಾವು ಮತ್ತೆ ಹೋಗೋಣ. ಹಕ್ಕಿಗಳನ್ನೂ ನೋಡೋಣ. ಆದರೆ ತಾಂಡೇಲನು "ಖಾಲೀ ಬಸಾ" ಎಂದಾಗ ಮೊದಲು ಕೂರುವವರು ವಾಚನಾಲಯದವರಾಗಿರಲಿ. ಬಕೆಟ್ಟು, ಲೋಟ ಇಲ್ಲಿಯೇ ಇರುತ್ತವೆ. ಮಕ್ಕಳಿದ್ದವರು ಕರೆತಂದು ತೋರಿಸಬಹುದು.