ಟೈರ್ ಅಂಗಡಿಯ ಲಾಭದಲ್ಲಿ ಯಾರ ಪಾಲೆಷ್ಟು?



ಉದ್ಯಮದ ಚರಿತ್ರೆ ಎಂದೊಡನೆ ನಾವು ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಲ್ಲುತ್ತೇವೆ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆ.ಕೆ. ಸಮೂಹದ ಕೈಸೇರಿದ್ದು ನಮ್ಮ ವಾಣಿಜ್ಯ ವಿಭಾಗಗಳಿಗೆ ಗೊತ್ತಿರುವ ಸಂಗತಿ. ಅಂಥ ಟೈರನ್ನು ಮಾರಿ, ಚಕ್ರಕ್ಕೆ ಕೂರಿಸಿ, ಪಂಕ್ಚರ್ ಹಾಕಿಕೊಟ್ಟ ಅಂಗಡಿಗಳ ಲೆಕ್ಕಪುಸ್ತಕ ಸಿಗುವುದು ಮಾತ್ರ ಕಷ್ಟ. ಈ ಎರಡು ದಿನದ ವಿಚಾರ ಸಂಕಿರಣದಲ್ಲಿ ನಾವು ಮಾತಾಡಬೇಕಿರುವುದು ಅಂಗಡಿಗಳ ಬಗ್ಗೆ. ಮಾತಿಗೆ ಮೊದಲಾಗಿ ನಾನು ದೂರದ ಒಂದು ಉದಾಹರಣೆ ತಂದಿದ್ದೇನೆ: ಅಮೆರಿಕದ ಓರೆಗಾನ್ ರಾಜ್ಯದ ಲೆಸ್ ಶ್ವಾಬ್ ಟೈರ್ ಸೆಂಟರ್ಸ್.

ಲೆಸ್ ಶ್ವಾಬ್ ಹುಟ್ಟಿದ್ದು 1917ರಲ್ಲಿ, ಬೆಂಡ್ ಎಂಬ ಊರಿನಲ್ಲಿ. ಬೆಳೆದದ್ದು ಮರ ಕಡಿಯುವವರ ಶಿಬಿರದಲ್ಲಿ. ಹದಿಹರೆಯದಲ್ಲೇ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಮನೆಮನೆಗೆ ಪತ್ರಿಕೆ ಹಾಕಿ ಓದಿದ ಹುಡುಗ. ಮುಂದೆ ಅದೇ ಊರಿನ ಪತ್ರಿಕೆಯೊಂದರಲ್ಲಿ ಪ್ರಸರಣ ವ್ಯವಸ್ಥಾಪಕನಾದ. 1952ರಲ್ಲಿ ಮನೆ ಮಾರಿ, ನೆಂಟರಲ್ಲಿ ಸಾಲ ಎತ್ತಿ, ಪ್ರೈನ್‌ವಿಲ್ ಎಂಬ ಪುಟ್ಟ ಊರಿನಲ್ಲಿ ‘ಓಕೆ ರಬ್ಬರ್ ವೆಲ್ಡರ್ಸ್’ ಫ್ರಾಂಚೈಸಿಯ ಅಂಗಡಿ ಕೊಂಡ. ಕಟ್ಟಡದಲ್ಲಿ ನಲ್ಲಿ ನೀರಿರಲಿಲ್ಲ, ಶೌಚಾಲಯ ಹೊರಗಡೆ. ಅಲ್ಲಿಯವರೆಗೆ ಆತ ಒಂದು ಪಂಕ್ಚರ್ ಕೂಡ ಹಾಕಿದವನಲ್ಲ! ವರ್ಷಕ್ಕೆ 32,000 ಡಾಲರ್ ಇದ್ದ ವಹಿವಾಟು ಮೊದಲ ವರ್ಷದಲ್ಲೇ 1,50,000ಕ್ಕೆ ಏರಿತು.

ಇದೇನು ಪವಾಡವಲ್ಲ. ಸುತ್ತಲೂ ದನ ಸಾಕುವ ರೈತರು, ದಿಮ್ಮಿ ಹೇರುವ ಲಾರಿಗಳು, ಚಳಿಗಾಲದ ಹಿಮ. ಅಂಥ ಕಡೆ ಟೈರು ಬೇಗ ಸವೆಯುತ್ತದೆ. ಕೆಟ್ಟು ನಿಂತರೆ ಮುಂದಿನ ಊರು ಬಹುದೂರ. ಗಿರಾಕಿ ಅಲ್ಲೇ ಇದ್ದ, ಅವನನ್ನು ಸರಿಯಾಗಿ ನೋಡಿಕೊಳ್ಳುವವರು ಬೇಕಿತ್ತು ಅಷ್ಟೆ.

ಆ ಕಾಲದ ಟೈರ್ ಅಂಗಡಿಯಲ್ಲಿ ಮಾಲು ಹಿಂದಿನ ಗೋದಾಮಿನಲ್ಲಿರುತ್ತಿತ್ತು. ಮುಂದೆ ಒಂದು ಮೇಜು, ಬೆಲೆಪಟ್ಟಿ, ಮಾರುವವನ ಮಾತು. ಶ್ವಾಬ್ ಗೋದಾಮನ್ನೇ ಅಂಗಡಿಯ ಮುಂಭಾಗಕ್ಕೆ ತಂದ. ರಬ್ಬರ್ ವಾಸನೆಯ ಅಟ್ಟಿಗಳ ನಡುವೆ ಗಿರಾಕಿ ಓಡಾಡಿ, ಪಟ್ಟೆಯ ಆಳಕ್ಕೆ ಬೆರಳಿಟ್ಟು ನೋಡಿ, ಇದು ಬೇಡ ಅದು ಕೊಡಿ ಎನ್ನುವಂತಾಯಿತು. ಕಾರು ಆವರಣಕ್ಕೆ ತಿರುಗುತ್ತಲೇ ಬಿಳಿ ಅಂಗಿಯ ಹುಡುಗ ಎದುರಿಗೆ ಓಡಿಬರಬೇಕು, ನಡೆದು ಬರುವಂತಿಲ್ಲ. ಪಂಕ್ಚರ್‌ಗೆ ಕಾಸು ತೆಗೆದುಕೊಳ್ಳುವುದಿಲ್ಲ. ವ್ಯಾಪಾರ ಮಂಕಾಗುವ ಫೆಬ್ರವರಿಯಲ್ಲಿ ಟೈರು ಕೊಂಡವರಿಗೆ ದನದ ಮಾಂಸ ಉಚಿತ. 1960ರ ದಶಕದಲ್ಲಿ ಶುರುವಾದ ಈ ಆಮಿಷ ದಶಕಗಳ ಕಾಲ ನಡೆಯಿತು. ದನಗಾಹಿಗಳ ನಾಡಿನಲ್ಲಿ ಅದಕ್ಕೊಂದು ಅರ್ಥವೂ ಇತ್ತು.

ಇವೆಲ್ಲ ನೋಡಿದವರಿಗೆ ಕಾಣುವ ಸಂಗತಿಗಳು. ನನಗೆ ಮುಖ್ಯವೆನಿಸುವುದು ಲೆಕ್ಕದ ಪುಸ್ತಕದೊಳಗಿರುವ ಇನ್ನೊಂದು. ಎರಡನೆಯ ಅಂಗಡಿ ತೆರೆದಾಗಿನಿಂದಲೇ ಶ್ವಾಬ್ ಅಂಗಡಿಯ ಲಾಭದಲ್ಲಿ ಅರ್ಧವನ್ನು ಅದರ ಮ್ಯಾನೇಜರನಿಗೆ ಬಿಟ್ಟುಕೊಟ್ಟ. ಕ್ರಮೇಣ ಉಳಿದ ನೌಕರರಿಗೂ ಪಾಲು ಬಂತು, ನಿವೃತ್ತಿ ನಿಧಿ ಬೆಳೆಯಿತು. ಮ್ಯಾನೇಜರನನ್ನು ಹೊರಗಿನಿಂದ ಕರೆತರುವುದಿಲ್ಲ ಎಂಬ ನಿಯಮವೂ ಇತ್ತು: ಜಾಕ್ ಹಿಡಿದು ಚಕ್ರ ಬಿಚ್ಚಿದವನೇ ಮುಂದೆ ಕುರ್ಚಿಯಲ್ಲಿ ಕೂರಬೇಕು. ಹುಡುಗ ಏಕೆ ಓಡುತ್ತಿದ್ದ ಎಂಬುದಕ್ಕೆ ಉತ್ತರ ಇಲ್ಲಿದೆ. ಶಿಸ್ತಿನ ಪಾಠ ಹೇಳಿ ಓಡಿಸಿದ್ದಲ್ಲ, ಓಡಿದರೆ ಅವನ ಪಾಲೂ ಬೆಳೆಯುತ್ತಿತ್ತು.

ಇಷ್ಟು ವಿವರ ನಮಗೆ ದೊರೆಯಲು ಮುಖ್ಯ ಕಾರಣ 1986ರಲ್ಲಿ ಶ್ವಾಬ್ ತಾನೇ ಬರೆದ ಪುಸ್ತಕ. ಯಜಮಾನ ಬರೆದ ಚರಿತ್ರೆಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಇದೇ ಸಂಸ್ಥೆಯ ಬಗ್ಗೆ ಇನ್ನೊಂದು ದಾಖಲೆ ನ್ಯಾಯಾಲಯದಲ್ಲಿದೆ. ಮಾರಾಟ ಮತ್ತು ಟೈರ್ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗ ದಾವೆ ಹೂಡಿತು. 2010ರಲ್ಲಿ 20 ಲಕ್ಷ ಡಾಲರಿಗೆ ರಾಜಿಯಾಯಿತು. ಗಮನಿಸಿ: ಕೆಳಗಿನಿಂದ ಹತ್ತಿದವನಿಗೇ ಮ್ಯಾನೇಜರ್‌ಗಿರಿ ಎಂಬ ನಿಯಮ ಕೇಳಲು ನ್ಯಾಯವಾಗಿಯೇ ಇದೆ. ಆದರೆ ಏಣಿಯ ಮೊದಲ ಮೆಟ್ಟಿಲೇ ಕೆಲವರಿಗೆ ಸಿಗದಿದ್ದರೆ, ಲಾಭದ ಅರ್ಧ ಪಾಲಿನ ಬಾಗಿಲೂ ಅಲ್ಲೇ ಮುಚ್ಚಿದಂತೆ. ಪುಸ್ತಕ ಮತ್ತು ದಾವೆಯ ಕಡತ ಎರಡನ್ನೂ ಒಟ್ಟಿಗೆ ಓದದೆ ಈ ಸಂಸ್ಥೆಯ ಚರಿತ್ರೆ ಬರೆಯಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ.

ಶ್ವಾಬ್ 2007ರಲ್ಲಿ ತೀರಿಕೊಂಡ. ಮರುವರ್ಷ ಮುಖ್ಯ ಕಚೇರಿ ಪ್ರೈನ್‌ವಿಲ್ ಬಿಟ್ಟು ಬೆಂಡ್‌ಗೆ ಹೋಯಿತು. 2020ರಲ್ಲಿ ಕುಟುಂಬ ಸಂಸ್ಥೆಯನ್ನು ಮೆರಿಟೇಜ್ ಗ್ರೂಪ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು.

ಇಂದು ಮಧ್ಯಾಹ್ನದ ಗೋಷ್ಠಿ ನಮ್ಮ ಹೆದ್ದಾರಿ ಬದಿಯ ಟೈರ್ ಅಂಗಡಿ, ರೀಸೋಲ್ ಘಟಕ, ಅಲೈನ್‌ಮೆಂಟ್ ಕೇಂದ್ರಗಳ ಬಗ್ಗೆ ಇದೆ. ಪ್ರಬಂಧಕಾರರಲ್ಲಿ ಒಂದು ಕೋರಿಕೆ. ಸ್ಥಾಪಕರ ಸಂದರ್ಶನ ಮಾಡಿದ್ದೀರಿ, ಸಂತೋಷ. ಅದೇ ಅಂಗಡಿಯಲ್ಲಿ ಹತ್ತು ವರ್ಷ ಟ್ಯೂಬಿಗೆ ಪ್ಯಾಚ್ ಒತ್ತಿದವನಿಗೆ ಸಂಬಳ ಎಷ್ಟಿತ್ತು, ಹಬ್ಬಕ್ಕೆ ಬೋನಸ್ ಬರುತ್ತಿತ್ತೇ, ಅವನು ಕೆಲಸ ಬಿಟ್ಟು ಸ್ವಂತ ಅಂಗಡಿ ಹಾಕಿದನೇ, ಹಾಕಿದ್ದರೆ ಮೊದಲ ಕಂಪ್ರೆಸರಿಗೆ ದುಡ್ಡು ಕೊಟ್ಟವರು ಯಾರು ಎಂಬುದನ್ನೂ ದಯವಿಟ್ಟು ಮಂಡಿಸಿ.