ಹಾಲನ್ನದ ಬಲ, ಹಾಲನ್ನದ ಕೊರತೆ

(ನೀಲಗಿರಿಯ ಚಹಾ ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಸಭೆಯ ಉಪದೇಶಿಯೊಬ್ಬರು ಮಾಡಿದ ಭಾಷಣ)



ಸಂಘದವರು ಸೇರಿದರೆ ಕೂಲಿ, ಬೋನಸ್, ಲೈನ್ ಮನೆಯ ಸೋರುವ ಮಾಡು, ಇವುಗಳ ಮಾತೇ ಹೆಚ್ಚು. ಇವತ್ತು ನಾನು ಅಡಿಗೆ ಪಾತ್ರೆಯ ಮಾತು ಎತ್ತಿದ್ದೇನೆ. ಉಪದೇಶಿಗೂ ಹಾಲನ್ನಕ್ಕೂ ಏನು ಸಂಬಂಧ ಎಂದು ಹಿಂದೆ ಕುಳಿತವರು ನಗಬಹುದು. ನಗಲಿ. ದಿನದಿನದ ಆಹಾರವನ್ನು ಬೇಡಿಕೊಳ್ಳಲು ಕರ್ತನು ನಮಗೆ ಕಲಿಸಿದ್ದಾನೆ. ಸಿಕ್ಕಿದ ಆಹಾರದಲ್ಲಿ ಏನಿದೆ, ಏನಿಲ್ಲ ಎಂದು ತಿಳಿದುಕೊಳ್ಳುವುದು ನಮಗೆ ಬಿಟ್ಟ ಕೆಲಸ.

ನಾನು ಡಾಕ್ಟರನಲ್ಲ, ಎಸ್.ಎಸ್.ಎಲ್.ಸಿ. ತನಕ ಓದಿದವನು. ಈ ವಿಷಯವನ್ನು ನಾನು ಕಲಿತದ್ದು ನನ್ನ ಮನೆಯಲ್ಲೇ ಆದ ತಪ್ಪಿನಿಂದ. ನನ್ನ ಎರಡನೆಯ ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಅವಳು ಹಾಲಿನಲ್ಲಿ ಬೇಯಿಸಿದ ಅನ್ನವನ್ನು ಬಿಟ್ಟು ಬೇರೆ ಏನನ್ನೂ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ಹಸುವಿತ್ತು. ಬೆಳಿಗ್ಗೆ ಹಾಲನ್ನ, ಮಧ್ಯಾಹ್ನ ಹಾಲನ್ನ, ನಡುನಡುವೆ ಲೋಟಗಟ್ಟಲೆ ಹಾಲು. ಮಗು ದುಂಡಗಿತ್ತು, ಬೆಳ್ಳಗಿತ್ತು. ಬಂದವರೆಲ್ಲ ಹಾಲಿನ ಬಣ್ಣ ಎಂದು ಹೊಗಳಿದರು. ನಾವೂ ಹಿಗ್ಗಿದೆವು. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಮಗು ಆಟ ಬಿಟ್ಟು ಮೂಲೆಯಲ್ಲಿ ಮಲಗತೊಡಗಿತು. ಗೋಡೆಯ ಮಣ್ಣನ್ನು ಕೆರೆದು ತಿನ್ನತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7 ಗ್ರಾಂ. ಆ ವಯಸ್ಸಿನ ಮಗುವಿಗೆ ಅದು ಹತ್ತೂವರೆಗಿಂತ ಕೆಳಗೆ ಇಳಿಯಬಾರದು. "ಹೊಟ್ಟೆಯನ್ನು ತುಂಬಿಸಿದ್ದೀರಿ, ರಕ್ತಕ್ಕೆ ಬೇಕಾದದ್ದನ್ನು ಕೊಟ್ಟಿಲ್ಲ" ಎಂದರು ಡಾಕ್ಟರರು. ನಾವು ಹೊಗಳಿಸಿಕೊಂಡ ಆ ಬಿಳುಪು ರಕ್ತ ಇಲ್ಲದ ಬಿಳುಪಾಗಿತ್ತು!

ಹಾಗಾದರೆ ಹಾಲನ್ನ ಕೆಟ್ಟದ್ದೋ? ಅಲ್ಲ. ಮೊದಲು ಅದರ ಬಲವನ್ನು ಹೇಳುತ್ತೇನೆ.

100 ಗ್ರಾಂ ಅಕ್ಕಿಯಲ್ಲಿ ಸುಮಾರು 7 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು ಇದೆ. ಮೈ ಬೆಳೆಯುವುದು, ಗಾಯ ಮಾಯುವುದು ಇದರಿಂದ. ಆದರೆ ಅಕ್ಕಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಒಂದು ಅಂಶ ಕಡಿಮೆ. ಗೋಡೆ ಕಟ್ಟುವವನಿಗೆ ಕಲ್ಲು ಬೇಕಾದಷ್ಟು ಇದ್ದು ಗಾರೆ ಸಾಲದೆ ಹೋದರೆ ಉಳಿದ ಕಲ್ಲು ದಂಡವಲ್ಲವೇ? ಇದೂ ಹಾಗೆಯೇ. ಹಾಲಿನ ಪ್ರೋಟೀನಿನಲ್ಲಿ ಈ ಲೈಸೀನ್ ಧಾರಾಳವಾಗಿದೆ. ಎರಡನ್ನೂ ಕೂಡಿಸಿ ಉಂಡರೆ ಅಕ್ಕಿಯ ಪ್ರೋಟೀನೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. 100 ಗ್ರಾಂ ಅಕ್ಕಿಗೆ 200 ಮಿಲಿಲೀಟರ್ ಹಸುವಿನ ಹಾಲು ಹಾಕಿದರೆ ಪ್ರೋಟೀನು 13 ಗ್ರಾಮಿನಷ್ಟಾಗುತ್ತದೆ. ಎಲುಬು ಹಲ್ಲುಗಳಿಗೆ ಬೇಕಾದ ಸುಣ್ಣದಂಶ ಬರೀ ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಸಿಕ್ಕುವುದೂ ಕಷ್ಟ. ಅಷ್ಟು ಹಾಲು ಸೇರಿದರೆ ಸುಮಾರು 250 ಮಿಲಿಗ್ರಾಂ ಆಗುತ್ತದೆ. ದೊಡ್ಡವರ ಒಂದು ದಿನದ ಅಗತ್ಯದಲ್ಲಿ ಇದು ಕಾಲು ಪಾಲು.

ಇದನ್ನು ತೋರಿಸಿಕೊಟ್ಟವರು ದೂರದವರಲ್ಲ. ನಮ್ಮ ಕೂನೂರಿನಲ್ಲಿ 1918ರಲ್ಲಿ ಚಿಕ್ಕದಾಗಿ ಶುರುವಾದ ಆಹಾರ ಸಂಶೋಧನೆಯ ಕೆಲಸ ಮುಂದೆ ದೊಡ್ಡ ಸಂಸ್ಥೆಯಾಗಿ 1958ರಲ್ಲಿ ಹೈದರಾಬಾದಿಗೆ ಹೋಯಿತು. ಕೂನೂರಿನಲ್ಲಿ ನಿರ್ದೇಶಕರಾಗಿದ್ದ ಐಕ್ರಾಯ್ಡ್ ಮತ್ತು ಅವರ ಜೊತೆಯ ಕೃಷ್ಣನ್ ಎಂಬವರು ಬಡ ಅಕ್ಕಿಯೂಟ ಉಣ್ಣುತ್ತಿದ್ದ ಮಕ್ಕಳಿಗೆ ಕೆನೆ ತೆಗೆದ ಹಾಲನ್ನು ಕೊಟ್ಟು ನೋಡಿದರು. ಆ ಮಕ್ಕಳು ಎತ್ತರದಲ್ಲೂ ತೂಕದಲ್ಲೂ ಚೆನ್ನಾಗಿ ಬೆಳೆದರು. ಇದು 1937ರಲ್ಲಿ ಪ್ರಕಟವಾಯಿತು. ಅದು ಕೆನೆ ತೆಗೆದ ಹಾಲು ಎಂಬುದನ್ನು ಗಮನಿಸಿರಿ. ಮಕ್ಕಳನ್ನು ಬೆಳೆಸಲು ತುಪ್ಪ, ಗೋಡಂಬಿ ಬೇಕಾಗಲಿಲ್ಲ. ಹಬ್ಬದ ಪಾಯಸ ಮಾಡಲಾಗಲಿಲ್ಲವಲ್ಲಾ ಎಂದು ಬಡತಾಯಿ ಅಳಬೇಕಾಗಿಲ್ಲ. ಅನ್ನಕ್ಕೆ ಒಂದು ಲೋಟ ಸಾದಾ ಹಾಲು ಸಾಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಮೊಸರನ್ನ ಉಣ್ಣಲಿ. ಅದೇ ಬಲ ಅದರಲ್ಲೂ ಇದೆ.

ಇನ್ನು ಕೊರತೆ. ನಾನು ಹೇಳಿದ ಅಳತೆಯ ಹಾಲನ್ನದಲ್ಲಿ ಕಬ್ಬಿಣದ ಅಂಶ ಇರುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ, ದುಡಿಯುವ ಹೆಂಗಸಿಗೆ 29 ಮಿಲಿಗ್ರಾಂ ಬೇಕೆಂದು ಹೈದರಾಬಾದಿನ ಸಂಸ್ಥೆ 2020ರಲ್ಲಿ ಹೇಳಿದೆ. ಹಾಲಿನ ಸುಣ್ಣದಂಶ ಕಬ್ಬಿಣವನ್ನು ರಕ್ತಕ್ಕೆ ಸೇರಲು ಸಲೀಸಾಗಿ ಬಿಡುವುದೂ ಇಲ್ಲ. ನಾವು ದಿನವೆಲ್ಲಾ ಕೀಳುವ ಎಲೆಯ ಟೀ ಸಹ ಊಟದೊಡನೆ ಕುಡಿದರೆ ಅದೇ ತೊಂದರೆ ಮಾಡುತ್ತದೆ.

ಆದಕಾರಣ ದಿನಕ್ಕೆ ಒಂದು ಹೊತ್ತು ಹಾಲನ್ನ ಇರಲಿ. ಇನ್ನೊಂದು ಹೊತ್ತು ಬೇಳೆ, ಹುರುಳಿ, ಸೊಪ್ಪು ಇರಲಿ. ಕೈಗೂಡಿದಾಗ ಮೊಟ್ಟೆ, ಮೀನು, ಮಾಂಸ ಇರಲಿ. ಬೇಳೆ ಸೊಪ್ಪಿನ ಊಟದ ಜೊತೆಗೆ ನಿಂಬೆ, ನೆಲ್ಲಿಕಾಯಿ, ಸೀಬೆಹಣ್ಣು ಯಾವುದಾದರೂ ಒಂದಿದ್ದರೆ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಟೀಯನ್ನು ಊಟವಾಗಿ ಒಂದು ತಾಸು ಕಳೆದ ಮೇಲೆ ಕುಡಿಯಿರಿ. ನಮ್ಮ ಹಿರಿಯರ ರಾಗಿಯನ್ನು ಮರೆಯಬೇಡಿರಿ. ಅದರಲ್ಲಿ ಸುಣ್ಣದಂಶ ಅಕ್ಕಿಗಿಂತ ಎಷ್ಟೋ ಪಾಲು ಹೆಚ್ಚು, ಕಬ್ಬಿಣವೂ ಹೆಚ್ಚು.

ಅಡಿಗೆಯ ಮಾತನ್ನು ತಾಯಂದಿರಿಗೆ ನಾನು ಕಲಿಸಬೇಕೇ? ಆದರೂ ಎರಡು ಮಾತು. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆಯಬೇಡಿ, ಗಂಜಿಯನ್ನು ಬಸಿದು ಚೆಲ್ಲಬೇಡಿ. ಬಿ ಜೀವಸತ್ವಗಳು ಆ ನೀರಿನಲ್ಲೇ ಹೋಗುತ್ತವೆ. ಅಕ್ಕಿಯನ್ನು ಅಳತೆಯ ನೀರಿನಲ್ಲಿ ಮೆತ್ತಗೆ ಬೇಯಿಸಿ, ಆಮೇಲೆ ಹಾಲು ಹಾಕಿ ಕುದಿಸಿದರೆ ತಳ ಹಿಡಿಯುವುದು ಕಡಿಮೆ. ಬೆಲ್ಲ ಹಾಕುವುದಾದರೆ ಪಾತ್ರೆ ಇಳಿಸಿದ ಮೇಲೆ ಸ್ವಲ್ಪ ಹಾಕಿರಿ, ಇಲ್ಲದಿದ್ದರೆ ಹಾಲು ಒಡೆದೀತು. ಹಸುಗೂಸಿಗೆ ಆರು ತಿಂಗಳ ತನಕ ತಾಯಿಯ ಹಾಲು ಮಾತ್ರ. ಆಮೇಲೆ ಅನ್ನ, ಬೇಳೆಯನ್ನು ಗಟ್ಟಿಯಾಗಿ ಹಿಚುಕಿ ತಿನ್ನಿಸಿರಿ, ಎದೆಹಾಲೂ ಮುಂದುವರಿಯಲಿ. ವರ್ಷ ತುಂಬುವ ಮೊದಲು ಹಸುವಿನ ಹಾಲನ್ನು ಲೋಟಗಟ್ಟಲೆ ಕುಡಿಸಬೇಡಿರಿ.

ಕೊನೆಯದಾಗಿ ಸಂಘದವರಿಗೆ ಒಂದು ಮಾತು. 50 ಮಂದಿ ಹೆಣ್ಣಾಳುಗಳಿರುವ ತೋಟದಲ್ಲಿ ಶಿಶುಗೃಹ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಹೇಳಿತ್ತು. ಅದು ಯಾರೂ ದಾನವಾಗಿ ಕೊಟ್ಟದ್ದಲ್ಲ. ನಮ್ಮ ಮಕ್ಕಳನ್ನು ಬಿಟ್ಟುಹೋಗುವ ಮನೆಗೆ ಹೋಗಿ ಪಾತ್ರೆಯ ಮುಚ್ಚಳ ತೆಗೆದು ನೋಡಿರಿ. ಹಾಲಿದೆಯೋ, ಹಾಲಿನ ಬಣ್ಣದ ನೀರಿದೆಯೋ? ಬೇಳೆ ಇದೆಯೋ? ಇಲ್ಲವಾದರೆ ಮುಂದಿನ ಮಾತುಕತೆಯಲ್ಲಿ ಬೋನಸ್ಸಿನ ಜೊತೆಗೆ ಅದನ್ನೂ ಬರೆಯಿರಿ. ಬಿಟ್ಟಿಯಾಗಿ ಅಕ್ಕಿ ಕೊಡುತ್ತಾರಲ್ಲಾ ಎಂದು ಮೇಲಿನವರು ಹೇಳಬಹುದು. ಅಕ್ಕಿ ಬಂತು ನಿಜ. ಹಾಲು, ಬೇಳೆ ಕೊಳ್ಳುವುದು ಕೂಲಿಯಿಂದಲೇ.

ಮನೆಯ ಗಂಡಸರಿಗೂ ಒಂದು ಮಾತು. ಗಂಡನಿಗೆ, ಮಗನಿಗೆ ಬಡಿಸಿ ತಳದಲ್ಲಿ ಉಳಿದದ್ದನ್ನು ತಾಯಿ ಉಣ್ಣುತ್ತಾಳೆ. ಬೆನ್ನಿಗೆ ಎಲೆಯ ಮೂಟೆ ಹೊತ್ತು ಗುಡ್ಡ ಹತ್ತುವವಳೂ ಅವಳೇ. ಅವಳಿಗೆ ತಲೆಸುತ್ತು, ಏದುಸಿರು, ಕಣ್ಣೊಳಗೆ ಬಿಳುಪು ಕಂಡರೆ "ಇದು ಇದ್ದದ್ದೇ" ಎನ್ನದೆ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿರಿ, ರಕ್ತ ಪರೀಕ್ಷೆ ಮಾಡಿಸಿರಿ.

ನನ್ನ ಮಗಳು ಕಬ್ಬಿಣದ ಔಷಧಿ, ಬೇಳೆ, ಸೊಪ್ಪು, ಮೊಟ್ಟೆಗಳಿಂದ ಕೆಲವು ತಿಂಗಳಲ್ಲಿ ಚೇತರಿಸಿಕೊಂಡಳು. ಇಂದಿಗೂ ಅವಳಿಗೆ ಹಾಲನ್ನವೆಂದರೆ ಪ್ರೀತಿ. ನಾವೂ ಮಾಡಿಕೊಡುತ್ತೇವೆ, ಒಂದು ಹೊತ್ತಿಗೆ ಮಾತ್ರ. ಈ ರಾತ್ರಿ ಮನೆಗೆ ಹೋದ ಮೇಲೆ ಮಕ್ಕಳ ಕೆಳಗಿನ ರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿರಿ. ಕೆಂಪಗಿದ್ದರೆ ದೇವರಿಗೆ ಸ್ತೋತ್ರ ಹೇಳಿರಿ. ಬಿಳುಚಿಕೊಂಡಿದ್ದರೆ ನಾಳೆಯೇ ಆರೋಗ್ಯ ಕೇಂದ್ರಕ್ಕೆ ಹೊರಡಿರಿ. ಜೊತೆಗೆ ಯಾರಾದರೂ ಬೇಕಾದರೆ ನಾನು ಬರುತ್ತೇನೆ.